ಗೋವಾದ ಸ್ಕ್ರ್ಯಾಚ್ ಕಾರ್ಡ್, 90 ನಿಮಿಷದ ಮಾತು: ಹೋಗಬೇಕಾ, ಬೇಡವಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಮೂಲ ಧಾರವಾಡದ ಕಡೆಯವರು. ದೀಪಾವಳಿ ರಜೆಗೆ ನಾನು, ಯಜಮಾನರು, ಇಬ್ಬರು ಮಕ್ಕಳು ಮತ್ತು ಅತ್ತೆ ಗೋವಾಕ್ಕೆ ಹೋಗಿದ್ದೆವು. ಕಲಂಗುಟ್ ಬೀಚಿನ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದ ಹುಡುಗನೊಬ್ಬ ಸ್ಕ್ರ್ಯಾಚ್ ಕಾರ್ಡ್ ಕೊಟ್ಟ. ನನಗೆ ಟೀ ಶರ್ಟ್ ಬಂತು. ಯಜಮಾನರಿಗೆ ‘3 ರಾತ್ರಿ 4 ಹಗಲು ಫ್ರೀ ಹಾಲಿಡೇ’ ಬಂತು! ಹುಡುಗ ನಮಗಿಂತ ಜಾಸ್ತಿ ಕುಣಿದ. ಅದನ್ನು ಪಡೆಯಲು ಗಂಡ ಹೆಂಡತಿ ಇಬ್ಬರೂ ಒಂದು ರೆಸಾರ್ಟಿಗೆ ಬಂದು 90 ನಿಮಿಷ ಮಾತು ಕೇಳಬೇಕು, ಟ್ಯಾಕ್ಸಿ ಖರ್ಚು ಕಂಪನಿಯದೇ ಅಂದ. ಅತ್ತೆಗೆ ಹುಷಾರಿರಲಿಲ್ಲ, ಹೋಗಲಿಲ್ಲ. ಆದರೆ ಫಾರ್ಮಿನಲ್ಲಿ ನಂಬರ್ ಬರೆದುಕೊಟ್ಟಿದ್ದೆವು, ಈಗ ದಿನಾ ಫೋನ್. ಮುಂದಿನ ಭಾನುವಾರ ಠಾಣೆಯ ಹೋಟೆಲೊಂದರಲ್ಲಿ ಕಾರ್ಯಕ್ರಮ ಇದೆ, ಅಲ್ಲಿಗಾದರೂ ಬನ್ನಿ ಅಂತಾರೆ. ಡಿಸೆಂಬರಿನಲ್ಲಿ ಮತ್ತೆ ಗೋವಾಕ್ಕೆ ಹೋಗುವವರಿದ್ದೇವೆ. ‘ಸುಮ್ನೆ ಕೂತು ಕೇಳಿ ಗಿಫ್ಟ್ ತಗೊಂಡು ಬರೋಣ, ನಮ್ಮದೇನು ಹೋಗುತ್ತೆ’ ಅಂತಾರೆ ಯಜಮಾನರು. ಅತ್ತೆಯ ಪ್ರಕಾರ ಅವರೆಲ್ಲ ಕಳ್ಳರು. ಇದರ ನಡುವೆ ಪುಣೆಯಲ್ಲಿರುವ ನನ್ನ ಮೈದುನ ಇಂಥದೇ ಕಾರ್ಯಕ್ರಮಕ್ಕೆ ಹೋಗಿ ಆರು ದಿನದ ಹಿಂದೆ ಸಹಿ ಮಾಡಿ ಬಂದಿದ್ದಾನೆ. ಟೈಮ್‌ಶೇರ್ ಅಂತಾರಲ್ಲ, ವರ್ಷಕ್ಕೆ ಇಷ್ಟು ರಾತ್ರಿ ರೆಸಾರ್ಟಿನಲ್ಲಿ ಉಳಿಯುವ ಹಕ್ಕು, ಅದರ ಮೂರೂವರೆ ಲಕ್ಷದ ಸದಸ್ಯತ್ವ, 50,000 ಕಾರ್ಡಿನಲ್ಲಿ ಕೊಟ್ಟಿದ್ದಾನೆ, ಉಳಿದದ್ದು ಇಎಂಐ. ಈಗ ಬೇಡ ಅನ್ನಿಸಿದೆ. ಹತ್ತು ದಿನದೊಳಗೆ ಹಣ ವಾಪಸ್ ಕೊಡಲೇಬೇಕು ಅಂತ ಕಾನೂನು ಇದೆಯಂತೆ, ಹೌದಾ?

ಉತ್ತರ: ಮೊದಲು ನಿಮ್ಮ ಮೈದುನರ ವಿಷಯ ಮುಗಿಸೋಣ. ಅವರಿಗೆ ಒಂದೊಂದು ದಿನವೂ ಮುಖ್ಯ. ನಿಮ್ಮ ಡಿಸೆಂಬರಿಗೆ ಇನ್ನೂ ಟೈಮಿದೆ.

ಇವತ್ತೇ ಕಂಪನಿಗೆ ಒಂದು ಇಮೇಲ್ ಹಾಕಲು ಹೇಳಿ. ಉದ್ದ ಬೇಡ. ಒಪ್ಪಂದದ ನಂಬರು, ಸಹಿ ಮಾಡಿದ ತಾರೀಖು, ಕಟ್ಟಿದ ಮೊತ್ತ ಬರೆದು, ‘ಸದಸ್ಯತ್ವ ರದ್ದು ಮಾಡುತ್ತಿದ್ದೇನೆ, ಪೂರ್ತಿ ಹಣ ವಾಪಸ್ ಕೊಡಿ, ಇಎಂಐ ನಿಲ್ಲಿಸಿ’ ಅಂದರೆ ಸಾಕು. ಅದೇ ಪತ್ರ ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ, ರಸೀದಿ ಜೋಪಾನವಾಗಿರಲಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ‘ಸರ್, ನಮ್ಮ ಮ್ಯಾನೇಜರ್ ಗುರುವಾರ ಕಾಲ್ ಮಾಡ್ತಾರೆ, ಅಲ್ಲಿವರೆಗೆ ಮೇಲ್ ಹಾಕಬೇಡಿ’ ಅಂತ ಯಾರಾದರೂ ಹೇಳಿದರೆ ಅದಕ್ಕೆ ಒಂದೇ ಅರ್ಥ, ಗುರುವಾರದೊಳಗೆ ಗಡುವು ಮುಗಿಯುತ್ತದೆ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಹಣ ಕಳೆದುಹೋಗುವುದು ಹೆಚ್ಚಾಗಿ ಈ ‘ಗುರುವಾರ’ಗಳಲ್ಲೇ.

ಈಗ ಆ ಹತ್ತು ದಿನದ ಕಾನೂನು. ಅಂಥದ್ದು ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2008ರ ನಿರ್ದೇಶನದ ಪ್ರಕಾರ ಟೈಮ್‌ಶೇರ್ ಕೊಂಡವರಿಗೆ ಮನಸ್ಸು ಬದಲಿಸಲು 14 ದಿನ ಇದೆ. ಅಮೆರಿಕದ ಫ್ಲೋರಿಡಾದಲ್ಲಿ 10 ದಿನ. ನಮ್ಮಲ್ಲಿ ವಿಮೆ ಪಾಲಿಸಿಗೆ 30 ದಿನದ ಫ್ರೀ ಲುಕ್, ಅಂದರೆ ಓದಿ ನೋಡಿ ಬೇಡವಾದರೆ ವಾಪಸ್ ಕೊಡುವ ಅವಧಿ, ಇದೆ. ಟೈಮ್‌ಶೇರಿಗೆ ಅಂತಲೇ ಪ್ರತ್ಯೇಕ ಕಾನೂನು ಭಾರತದಲ್ಲಿ ಬಂದಿಲ್ಲ. ಜನ ಹೇಳುವ ಹತ್ತು ದಿನ ಅನ್ನುವುದು ಕೆಲವು ಕಂಪನಿಗಳು ತಮ್ಮ ಒಪ್ಪಂದದಲ್ಲಿ ತಾವಾಗಿಯೇ ಬರೆದ ಸೌಲಭ್ಯ. ಹಾಗಾಗಿ ಮೈದುನರ ಕಾಗದದಲ್ಲಿ ಏನಿದೆ ಅನ್ನುವುದೇ ಮುಖ್ಯ. ಗಡುವು ಎಷ್ಟು ದಿನ, ಸಹಿಯ ದಿನದಿಂದಲೋ ವೆಲ್ಕಮ್ ಕಿಟ್ ಕೈಸೇರಿದ ದಿನದಿಂದಲೋ, ಎಷ್ಟು ಮುರಿದುಕೊಳ್ಳುತ್ತಾರೆ, ಇವಿಷ್ಟನ್ನು ನೋಡಿ. ‘ನಾನ್ ರಿಫಂಡೆಬಲ್’ ಅಂತ ಬರೆದಿದ್ದರೂ ಇಮೇಲ್ ಹಾಕಿ. ಆರನೇ ದಿನವೇ ಬೇಡ ಅಂದಿದ್ದರು ಅನ್ನುವುದಕ್ಕೆ ಮುಂದೆ ಗ್ರಾಹಕ ಆಯೋಗದಲ್ಲಿ ಅದೇ ಆಧಾರ.

ಇಎಂಐ ಬಗ್ಗೆ ಬಹಳ ಜನ ಎಡವುತ್ತಾರೆ. ಸದಸ್ಯತ್ವ ಮಾರಿದ ಕಂಪನಿಗೆ ಬೇಡ ಅಂದರೆ ಕಂತು ತಾನಾಗಿ ನಿಲ್ಲುವುದಿಲ್ಲ. ಕಂತನ್ನು ಕೊಟ್ಟಿರುವುದು ಬ್ಯಾಂಕೋ ಫೈನಾನ್ಸ್ ಕಂಪನಿಯೋ ಆಗಿದ್ದರೆ ಅದು ಮೈದುನರ ಹೆಸರಿನಲ್ಲಿರುವ ಬೇರೆಯದೇ ಸಾಲ. ಸುಮ್ಮನೆ ಕಟ್ಟುವುದು ಬಿಟ್ಟರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಖಾತೆಯಿಂದ ತಾನೇ ಕಡಿತವಾಗುವ ಮ್ಯಾಂಡೇಟ್ ಹಣವಿಲ್ಲದೆ ಬೌನ್ಸಾದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಂ ಪ್ರಕಾರ ಅದು ಚೆಕ್ ಬೌನ್ಸಿನಂತೆಯೇ ಅಪರಾಧ. ಆದ್ದರಿಂದ ಇಮೇಲಿನ ಪ್ರತಿ ಸಾಲ ಕೊಟ್ಟವರಿಗೂ ಹೋಗಲಿ. ಆನ್‌ಲೈನಿನಲ್ಲಿ ಮಂಜೂರಾದ ಡಿಜಿಟಲ್ ಸಾಲವಾದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲದಿಂದ ಹೊರಬರಲು ಒಂದು ಚಿಕ್ಕ ಅವಧಿ ಇರಲೇಬೇಕು. ಅದು ಒಂದೇ ದಿನದ್ದೂ ಇರಬಹುದು, ಸಾಲದ ಪತ್ರ ನೋಡಬೇಕು.

ಕಾರ್ಡಿನ 50,000ದ ವಿಷಯದಲ್ಲಿ ‘ಮೋಸದ ವಹಿವಾಟು’ ಅಂತ ಬ್ಯಾಂಕಿಗೆ ದೂರು ಕೊಟ್ಟರೆ ನಡೆಯುವುದಿಲ್ಲ. ಒಟಿಪಿ ಹಾಕಿದ್ದು ಅವರೇ ಅಲ್ವಾ. ಕಂಪನಿ ರದ್ದತಿಯನ್ನು ಬರಹದಲ್ಲಿ ಒಪ್ಪಿಯೂ ಹಣ ಕೊಡದಿದ್ದರೆ, ಅಥವಾ ಮಾತುಕೊಟ್ಟ ಸೇವೆ ಕೊಡದಿದ್ದರೆ, ಆಗ ಚಾರ್ಜ್‌ಬ್ಯಾಕ್ (ಬ್ಯಾಂಕಿನ ಮೂಲಕ ಕಾರ್ಡಿನ ಹಣ ವಾಪಸ್) ಕೇಳಲು ದಾರಿ ಇದೆ.

ಇಷ್ಟಕ್ಕೂ ಬಗ್ಗದಿದ್ದರೆ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು. ಅಲ್ಲೇ ಇತ್ಯರ್ಥವಾಗುವವೂ ಇವೆ. ಆಗದಿದ್ದರೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗ. ಒಪ್ಪಂದದಲ್ಲಿ ಬೇರೆ ಊರಿನ ಕೋರ್ಟಿನ ಹೆಸರು ಬರೆದಿದ್ದರೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನಿರುವ ಊರಿನಲ್ಲೇ ದಾಖಲಿಸಬಹುದು. ಮಧ್ಯಸ್ಥಿಕೆಗೇ ಹೋಗಬೇಕು ಅನ್ನುವ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ, ಇದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ: ಸುಳ್ಳು ಹೇಳಿ ಮಾರಿದರು, ಸೇವೆ ಕೊಡಲಿಲ್ಲ ಅನ್ನುವ ದೂರು ಜಿಲ್ಲಾ ಆಯೋಗದಲ್ಲಿ ನಡೆಯುತ್ತದೆ. ಆದರೆ ಒಪ್ಪಂದದ ಷರತ್ತುಗಳೇ ಅನ್ಯಾಯ ಅಂತ ವಾದಿಸುವುದಾದರೆ ಅದು ರಾಜ್ಯ ಆಯೋಗದ ಕೆಲಸ. ದೂರು ಬರೆಯುವಾಗಲೇ ಇದನ್ನು ತೀರ್ಮಾನಿಸಿಕೊಳ್ಳಿ. ಬರೀ ಬಾಯಿಮಾತಿನ ಭರವಸೆ ಸಾಬೀತು ಮಾಡುವುದು ಕಷ್ಟ, ಅದಕ್ಕೇ ಸೇಲ್ಸ್‌ನವರ ಜತೆಗಿನ ವಾಟ್ಸಾಪ್ ಸಂದೇಶ ಒಂದನ್ನೂ ಅಳಿಸಬಾರದು.

ಇನ್ನು ನಿಮ್ಮ ಮನೆಯ ಚರ್ಚೆ. ಅತ್ತೆಯವರದೂ ಅರ್ಧ ಸರಿ, ಯಜಮಾನರದೂ ಅರ್ಧ ಸರಿ.

ಟೈಮ್‌ಶೇರ್ ಕಾನೂನುಬಾಹಿರ ವ್ಯಾಪಾರವಲ್ಲ. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಗಿ ನಮ್ಮಲ್ಲಿಗೆ 80ರ ದಶಕದಲ್ಲಿ ಬಂತು. ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರ ಹಾಲಿಡೇಸ್ 1996ರಲ್ಲಿ ಶುರುವಾದವು. ಸ್ವಂತ ರೆಸಾರ್ಟ್ ಕಟ್ಟಿ ನಡೆಸುವ ಇಂಥ ಕಂಪನಿಗಳ ಸದಸ್ಯರಾಗಿ ವರ್ಷವರ್ಷ ಖುಷಿಯಾಗಿ ಓಡಾಡುವವರನ್ನು ನಾನೇ ಬಲ್ಲೆ. ಇನ್ನೊಂದು ತುದಿಯಲ್ಲಿ, ಒಂದೇ ಒಂದು ರೆಸಾರ್ಟೂ ಇಲ್ಲದೆ, ಶನಿವಾರ ಭಾನುವಾರ ಹೋಟೆಲಿನ ಹಾಲ್ ಬಾಡಿಗೆ ಹಿಡಿದು ಸದಸ್ಯತ್ವ ಮಾರುವ ‘ಹಾಲಿಡೇ ಕ್ಲಬ್’ಗಳಿವೆ. ಎರಡು ವರ್ಷಕ್ಕೆ ಹೆಸರು ಬದಲಾಗುತ್ತದೆ, ಆಫೀಸು ಖಾಲಿಯಾಗುತ್ತದೆ. ಕೋಣೆಯಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದೇ ಕಾಫಿ, ಅದೇ ಹಾಡು, ಅದೇ ಟೈ ಕಟ್ಟಿದ ಹುಡುಗರು.

ಹೂಡಿಕೆ ಅಂತ ಮಾರುವವರು ಇನ್ನೊಂದು ಜಾತಿ. ಮುಂಬೈಯವರಿಗೆ ಇದು ಹೊಸದಲ್ಲ. ‘ರೂಮ್ ನೈಟ್’ ಕೊಳ್ಳಿ, ಉಳಿದುಕೊಳ್ಳದಿದ್ದರೆ ಕೊನೆಯಲ್ಲಿ ಹೆಚ್ಚಿಗೆ ಹಣ ವಾಪಸ್ ಅಂತ ಪ್ಯಾನ್‌ಕಾರ್ಡ್ ಕ್ಲಬ್ಸ್ 50 ಲಕ್ಷಕ್ಕೂ ಹೆಚ್ಚು ಜನರಿಂದ ಹಣ ಎತ್ತಿತ್ತು. ಅದು ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಅಂತ ತೀರ್ಮಾನಿಸಿ, 7,000 ಕೋಟಿ ರೂಪಾಯಿಗೂ ಹೆಚ್ಚು ವಾಪಸ್ ಮಾಡಲು 2016ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಆದೇಶಿಸಿತು. ಅದರ ಹಿಂದಿನ ವರ್ಷ ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್ ಮೇಲೂ ಇಂಥದೇ ಆದೇಶ ಬಂದಿತ್ತು. ಆದೇಶ ಬಂದ ಮಾತ್ರಕ್ಕೆ ಜನರ ಕೈಗೆ ಹಣ ಬರಲಿಲ್ಲ. ಕೋಣೆಯಲ್ಲಿ ಯಾರ ಬಾಯಲ್ಲಾದರೂ ‘ರಿಟರ್ನ್’, ‘ಬೈಬ್ಯಾಕ್’, ‘ಮರುಮಾರಾಟದಲ್ಲಿ ಲಾಭ’ ಅನ್ನುವ ಮಾತು ಬಂದರೆ ಕಾಫಿ ಕಪ್ ಕೆಳಗಿಟ್ಟು ಎದ್ದುಬಿಡಿ. ಇಲ್ಲಿ ಮಾರುವ ಹೆಚ್ಚಿನ ಸದಸ್ಯತ್ವ ಬರೀ ಬಳಸುವ ಹಕ್ಕು. ನಿಮ್ಮ ಹೆಸರಿಗೆ ಒಂದು ಚದರ ಅಡಿ ಜಾಗವೂ ನೋಂದಣಿಯಾಗಿರುವುದಿಲ್ಲ.

ಸ್ಕ್ರ್ಯಾಚ್ ಕಾರ್ಡಿನ ಅದೃಷ್ಟದ ವಿಷಯ ಹೇಳಿದರೆ ಯಜಮಾನರಿಗೆ ಬೇಜಾರಾಗಬಹುದು. ಆ ಹುಡುಗನ ಕೈಯಲ್ಲಿ ಸೋಲುವ ಕಾರ್ಡೇ ಇರುವುದಿಲ್ಲ. ಒಬ್ಬರಿಗೆ ಟೀ ಶರ್ಟ್ ಬಂದರೆ ಇನ್ನೊಬ್ಬರ ‘ಬಂಪರ್’ ನಿಜ ಅನ್ನಿಸುತ್ತದೆ, ಅಷ್ಟೇ. ಅವನು ಕುಣಿದದ್ದು ಮಾತ್ರ ಪೂರ್ತಿ ನಾಟಕವಲ್ಲ. ಒಳಗೆ ಕಳಿಸಿದ ಪ್ರತಿ ಜೋಡಿಗೆ ಅವನಿಗೆ ಕಮಿಷನ್ ಇದೆ. ಎಲ್ಲ ಜೋಡಿಗೂ ಅಲ್ಲ, ‘ಕ್ವಾಲಿಫೈ’ ಆದವರಿಗೆ ಮಾತ್ರ. ಅದಕ್ಕೇ ವಯಸ್ಸೆಷ್ಟು, ಮದುವೆಯಾಗಿದೆಯಾ, ಏನು ಕೆಲಸ, ಕ್ರೆಡಿಟ್ ಕಾರ್ಡ್ ಇದೆಯಾ ಅಂತ ನಗುನಗುತ್ತಾ ಕೇಳಿರುತ್ತಾನೆ.

ಇಬ್ಬರೂ ಬರಲೇಬೇಕು ಅನ್ನುವುದು ಯಾಕೆ ಗೊತ್ತಾ? ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅನ್ನುವುದು ನಮ್ಮವರ ಹತ್ತಿರ ಇರುವ ಅತಿ ಗಟ್ಟಿ ನೆಪ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದರೆ ಆ ನೆಪ ಬಾಗಿಲಲ್ಲೇ ಉಳಿಯಿತು. ಒಳಗೆ ಮೊದಲ ಅರ್ಧ ಗಂಟೆ ಮಾರುವ ಮಾತೇ ಬರುವುದಿಲ್ಲ. ಯಾವ ಊರು, ಮಕ್ಕಳು ಯಾವ ಕ್ಲಾಸು, ಹೋದ ವರ್ಷ ಎಲ್ಲಿಗೆ ಹೋಗಿದ್ರಿ, ಎಷ್ಟು ಖರ್ಚಾಯ್ತು. ನೀವು ಹೇಳಿದ ಅಂಕಿಯನ್ನೇ ಕಾಗದದ ಮೇಲೆ ಬರೆದು, ಬೆಲೆಯೇರಿಕೆ ಸೇರಿಸಿ 25 ವರ್ಷಕ್ಕೆ ಎಳೆದು, ‘ನೋಡಿ ಮೇಡಂ, ನೀವು ಹೋಟೆಲಿಗೆ ಇಷ್ಟು ಲಕ್ಷ ಸುರಿಯುವವರಿದ್ದೀರಿ’ ಅಂತ ತೋರಿಸುತ್ತಾರೆ. ಮಕ್ಕಳನ್ನು ಆಟದ ಕೋಣೆಗೆ ಕಳಿಸಿರುತ್ತಾರೆ. ಪಕ್ಕದ ಮೇಜಿನಲ್ಲಿ ಯಾರೋ ಸೇರಿದರು ಅಂತ ಚಪ್ಪಾಳೆ. ಬೆಲೆ ಆರು ಲಕ್ಷದಿಂದ ಶುರುವಾಗುತ್ತದೆ. ನೀವು ಆಗಲ್ಲ ಅಂದಾಗ ಕ್ಲೋಸರ್, ಅಂದರೆ ಸಹಿ ಹಾಕಿಸಿ ಮುಗಿಸುವವನು, ಬರುತ್ತಾನೆ, ಅವನು ಹಿರಿಯ, ಸೂಟಿನಲ್ಲಿರುತ್ತಾನೆ. ಬೆಲೆ ನಾಲ್ಕಕ್ಕೆ, ಮೂರೂವರೆಗೆ ಇಳಿಯುತ್ತದೆ. ಇವತ್ತು ಮಾತ್ರ. ಅಷ್ಟಕ್ಕೂ ಒಪ್ಪದಿದ್ದರೆ ಹೊರಡುವಾಗ ಇನ್ನೊಬ್ಬ 30,000ದ ‘ಟ್ರಯಲ್’ ಹಿಡಿದು ನಿಂತಿರುತ್ತಾನೆ.

ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ಹಾಕಿಸಿದ ಮೇಲೆ ಬರಿಗೈಯಲ್ಲಿ ಏಳುವುದು ಎಷ್ಟು ಕಷ್ಟ ಅನ್ನುವುದು ನಿಮಗೆ ಗೊತ್ತು. ಇಲ್ಲಿ ಆ ಸಂಕೋಚವನ್ನೇ ಎರಡು ಮೂರು ಗಂಟೆ ಬೆಳೆಸುತ್ತಾರೆ. ಹೌದು, ಎರಡು ಮೂರು ಗಂಟೆ. 90 ನಿಮಿಷ ಅನ್ನುವುದು ಕಾರ್ಡಿನ ಮೇಲಿನ ಲೆಕ್ಕ. ಓದಿದವರು, ಬ್ಯಾಂಕಿನಲ್ಲೇ ಕೆಲಸ ಮಾಡುವವರು ಕೂಡ ಸಹಿ ಹಾಕಿ ಬಂದಿದ್ದಾರೆ. ಮೈದುನರನ್ನು ಮನೆಯಲ್ಲಿ ಯಾರೂ ಹಂಗಿಸಬೇಡಿ.

ಅವರ ಮೂರೂವರೆ ಲಕ್ಷವನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ವರ್ಷಕ್ಕೆ 7 ರಾತ್ರಿ, 25 ವರ್ಷ ಅಂತಿಟ್ಟುಕೊಳ್ಳಿ. ಒಟ್ಟು 175 ರಾತ್ರಿ. ‘ರಾತ್ರಿಗೆ ಬರೀ 2,000’ ಅಂತ ಅವರು ಬರೆದು ತೋರಿಸುತ್ತಾರೆ, ಗುಣಾಕಾರ ತಪ್ಪಿಲ್ಲ. ಆದರೆ ಅದೇ ಹಣ 7 ಪರ್ಸೆಂಟಿನ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 24,500 ಬಡ್ಡಿ ಬರುತ್ತಿತ್ತು. ಅದರ ಜತೆ ವಾರ್ಷಿಕ ನಿರ್ವಹಣಾ ಶುಲ್ಕ, ಎಎಂಸಿ ಅಂತಾರಲ್ಲ, ಅದು 16,000 ಅಂದುಕೊಳ್ಳಿ. ಎರಡೂ ಸೇರಿ 40,500. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ ಸುಮಾರು 5,800. ಜಿಎಸ್‌ಟಿ ಬೇರೆ, ಇಎಂಐ ಬಡ್ಡಿ ಬೇರೆ, ರೆಸಾರ್ಟಿನ ಊಟ ಬೇರೆ. ಎಫ್‌ಡಿಯಾದರೆ 25 ವರ್ಷದ ಕೊನೆಯಲ್ಲಿ ಅಸಲು ನಿಮ್ಮದೇ, ಇಲ್ಲಿ ಅದೂ ಹೋಗಿರುತ್ತದೆ. ಎಎಂಸಿ ವರ್ಷಕ್ಕೆ 6 ಪರ್ಸೆಂಟ್ ಏರಿದರೂ 12 ವರ್ಷಕ್ಕೆ 32,000 ದಾಟುತ್ತದೆ, ಕೊನೆಯ ವರ್ಷ 65,000ದ ಹತ್ತಿರ ಬರುತ್ತದೆ. ಆ ವರ್ಷ ನೀವು ಎಲ್ಲಿಗೂ ಹೋಗದಿದ್ದರೂ ಹೆಚ್ಚಿನ ಒಪ್ಪಂದಗಳಲ್ಲಿ ಅದನ್ನು ಕಟ್ಟಲೇಬೇಕು.

ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಇನ್ನೂ ಒಂದು ತೊಡಕಿದೆ. ನಿಮಗೆ ಸಿಗುವ ರಜೆ ಮೇ, ದೀಪಾವಳಿ, ಕ್ರಿಸ್‌ಮಸ್. ಎಲ್ಲ ಸದಸ್ಯರಿಗೂ ಬೇಕಾದದ್ದು ಅದೇ ವಾರಗಳು. ಸೀಸನ್ ಪ್ರಕಾರ ಬಣ್ಣದ ಹೆಸರಿಟ್ಟು ಸದಸ್ಯತ್ವ ಮಾರುತ್ತಾರೆ, ಕಡಿಮೆ ಬೆಲೆಯದರಲ್ಲಿ ಈ ವಾರಗಳೇ ಇರುವುದಿಲ್ಲ. ದುಬಾರಿ ಸೀಸನ್ ಕೊಂಡರೂ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ನಿವೃತ್ತರಾದ, ಜುಲೈ ಮಳೆಯಲ್ಲೂ ಗೋವಾಕ್ಕೆ ಹೋಗಲು ತಯಾರಿರುವ ದಂಪತಿಗೆ ಇದು ಹೊಂದಬಹುದು. ನಿಮಗೆ ಈಗ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

‘ಫ್ರೀ ಹಾಲಿಡೇ’ ವೋಚರ್ ಕೈಗೆ ಬಂದ ಮೇಲೆ ಹಿಂಬದಿಯ ಸಣ್ಣ ಅಕ್ಷರ ಓದಿ. ವಾರಾಂತ್ಯ ಇಲ್ಲ, ಹಬ್ಬದ ದಿನ ಇಲ್ಲ, ಇಷ್ಟು ದಿನದೊಳಗೆ ನೋಂದಣಿ ಶುಲ್ಕ ಕಟ್ಟಬೇಕು, ದಿನಕ್ಕಿಷ್ಟು ‘ಯುಟಿಲಿಟಿ ಚಾರ್ಜ್’, ಪ್ರಯಾಣ ಮತ್ತು ಊಟ ನಿಮ್ಮದೇ. ಎಲ್ಲವೂ ಹೀಗೇ ಅಂತಲ್ಲ. ಆದರೆ ಇದನ್ನೆಲ್ಲ ಕೂಡಿದರೆ ಅಷ್ಟೇ ಹಣಕ್ಕೆ ನೀವೇ ಆರಿಸಿದ ರೂಮು ಸಿಗುವುದು ನಾನು ಹೆಚ್ಚಾಗಿ ನೋಡಿದ್ದು.

ಹಾಗಾದರೆ ಡಿಸೆಂಬರಿನಲ್ಲಿ ಏನು ಮಾಡುವುದು? ಹೋಗದಿರುವುದು ಎಲ್ಲಕ್ಕಿಂತ ಸುಲಭ. ಕಾರ್ಡ್ ಕೈಗೇ ತೆಗೆದುಕೊಳ್ಳಬೇಡಿ, ಫೋನ್ ನಂಬರ್ ಮತ್ತು ಹೋಟೆಲಿನ ಹೆಸರು ಹೇಳಬೇಡಿ, ನಡೆಯುತ್ತಲೇ ಇರಿ. ತೀರಾ ಬೆನ್ನು ಹತ್ತಿದರೆ ‘ಕ್ರೆಡಿಟ್ ಕಾರ್ಡ್ ಇಲ್ಲ’ ಅಂದುಬಿಡಿ, ಹುಡುಗನ ಆಸಕ್ತಿ ಅಲ್ಲೇ ಆರುತ್ತದೆ. ಪ್ರವಾಸಿಗರನ್ನು ಹೀಗೆ ಕಾಡುವುದನ್ನು ತಡೆಯಲೆಂದೇ ಗೋವಾದಲ್ಲಿ 2001ರ ಪ್ರವಾಸಿ ಸ್ಥಳಗಳ ಸಂರಕ್ಷಣಾ ಕಾಯ್ದೆ ಇದೆ, ಬೀಚಿನಲ್ಲಿ ಪ್ರವಾಸಿ ಪೊಲೀಸರೂ ಇರುತ್ತಾರೆ.

ಯಜಮಾನರಿಗೆ ಹೋಗಿಯೇ ನೋಡಬೇಕು ಅನ್ನುವ ಆಸೆ ಬಿಡದಿದ್ದರೆ, ತೀರ್ಮಾನವನ್ನು ಹೋಟೆಲಿನ ರೂಮಿನಲ್ಲೇ ಮಾಡಿ ಹೊರಡಿ: ಆ ದಿನ ಸಹಿ ಇಲ್ಲ, ಒಂದು ರೂಪಾಯಿಯೂ ಇಲ್ಲ. ಹೊರಗೆ ಬಂದ ಮೇಲೆ ಮನಸ್ಸು ಬದಲಿಸಲು ನಮ್ಮ ಕಾನೂನು ದಿನ ಕೊಟ್ಟಿಲ್ಲವಾದ್ದರಿಂದ ಯೋಚನೆಯೆಲ್ಲ ಒಳಗೆ ಹೋಗುವ ಮೊದಲೇ ಆಗಬೇಕು. ಕಾರ್ಡು, ಚೆಕ್ ಬುಕ್ಕು ಹೋಟೆಲಿನಲ್ಲೇ ಇರಲಿ. ಅತ್ತೆ ಮತ್ತು ಮಕ್ಕಳನ್ನು ಕರೆದೊಯ್ಯಬೇಡಿ, ಆಟದ ಕೋಣೆಯಲ್ಲಿರುವ ಮಗು ನಿಮ್ಮನ್ನು ಕಟ್ಟಿಹಾಕುತ್ತದೆ. ಅವರ ಟ್ಯಾಕ್ಸಿಯಲ್ಲಿ ಹೋದರೆ ವಾಪಸ್ ಬರಲೂ ಅವರನ್ನೇ ಕಾಯಬೇಕು, ನಿಮ್ಮದೇ ಗಾಡಿಯಲ್ಲಿ ಹೋಗಿ. ಗಿಫ್ಟಿನ ಷರತ್ತನ್ನು ಕೂರುವ ಮೊದಲೇ ಬರಹದಲ್ಲಿ ಕೇಳಿ. ಹಾಜರಿ ಫಾರ್ಮ್ ಅಂತ ಕೊಟ್ಟದ್ದನ್ನೂ ಓದದೆ ಸಹಿ ಮಾಡಬೇಡಿ. 90 ನಿಮಿಷ ಆದಕೂಡಲೇ ಎದ್ದು ನಿಲ್ಲಿ, ಎದ್ದು ನಿಂತು ಮಾತಾಡುವವರನ್ನು ಮತ್ತೆ ಕೂರಿಸುವುದು ಕಷ್ಟ. ಹೊರಗೆ ಹೋಗಲು ಬಿಡದೆ ತಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 126, 127ನೇ ಕಲಮಿನ ಅಪರಾಧ. 112ಕ್ಕೆ ಫೋನ್ ಮಾಡುತ್ತೇನೆ ಅಂದರೆ ಸಾಕು, ಬಾಗಿಲು ತೆರೆಯುತ್ತದೆ. ಹೀಗೆ ಹೋದರೂ ರಜೆಯ ಅರ್ಧ ದಿನ ಹೋಗುತ್ತದೆ, ಗಿಫ್ಟ್ ಕೊಡದೆಯೂ ಕಳಿಸಬಹುದು. ಅದಕ್ಕೆ ತಯಾರಿದ್ದರೆ ಮಾತ್ರ.

ಯಾವತ್ತಾದರೂ ನಿಜವಾಗಿ ಕೊಳ್ಳುವ ಮನಸ್ಸಿದ್ದರೆ ಎರಡು ಪರೀಕ್ಷೆ ಮಾಡಿ. ಒಪ್ಪಂದದ ಪ್ರತಿ ಮನೆಗೆ ಕೊಡಿ, ಓದಿ ಮುಂದಿನ ವಾರ ಬರುತ್ತೇವೆ ಅನ್ನಿ. ಆಮೇಲೆ, ಅಲ್ಲಿ ಕೂತವರ ಫೋನಿನಲ್ಲೇ ಬುಕಿಂಗ್ ಆ್ಯಪ್ ತೆಗೆಸಿ, ನಿಮ್ಮ ಮಕ್ಕಳ ರಜೆಯ ತಾರೀಖು ಹಾಕಿ ಗೋವಾ, ಮಹಾಬಳೇಶ್ವರ, ಕೊಡಗು ಎಲ್ಲಿ ರೂಮಿದೆ ತೋರಿಸಿ ಅನ್ನಿ. ಎರಡಕ್ಕೂ ಹೌದು ಅಂದ ಕಂಪನಿಯ ಜತೆ ಮಾತು ಮುಂದುವರಿಸಬಹುದು.

ಠಾಣೆಯ ಭಾನುವಾರದ ಕಾರ್ಯಕ್ರಮ ಬಿಟ್ಟುಬಿಡಿ. ಫೋನ್ ಕಾಟಕ್ಕೆ ‘ನನ್ನ ನಂಬರಿಗೆ ಕರೆ ಮಾಡಲು ಕೊಟ್ಟ ಒಪ್ಪಿಗೆ ವಾಪಸ್ ಪಡೆದಿದ್ದೇನೆ’ ಅಂತ ಒಂದು ಮೆಸೇಜ್ ಕಳಿಸಿ, ಆಮೇಲೂ ಬಂದರೆ ಬೇಡದ ಕರೆಗಳ ದೂರಿನ ನಂಬರ್ 1909ಕ್ಕೆ ದೂರು ಕೊಡಿ. ಮೈದುನರಿಗೂ ಒಂದು ಎಚ್ಚರಿಕೆ ಮುಟ್ಟಿಸಿ. ಇನ್ನು ಕೆಲವು ತಿಂಗಳಲ್ಲಿ ಯಾರೋ ಫೋನ್ ಮಾಡಿ, ‘ನಿಮ್ಮ ಸದಸ್ಯತ್ವ ಮಾರಿಸಿ ಕೊಡುತ್ತೇವೆ, ರಿಫಂಡ್ ಮಂಜೂರಾಗಿದೆ, ಜಿಎಸ್‌ಟಿ ಮಾತ್ರ ಮೊದಲು ಕಟ್ಟಿ’ ಅನ್ನಬಹುದು. ಅವರ ಹತ್ತಿರ ಸದಸ್ಯತ್ವದ ನಂಬರೂ ಇರಬಹುದು. ವಾಪಸ್ ಬರುವ ಹಣಕ್ಕೆ ಮುಂಗಡ ಕೇಳುವವರಿಗೆ ಏನೂ ಕಟ್ಟಬಾರದು. ಆ ಕರೆ ಬಂದ ದಿನವೇ 1930ಕ್ಕೆ, ಸೈಬರ್ ವಂಚನೆಯ ಸಹಾಯವಾಣಿಗೆ, ತಿಳಿಸಲಿ.